ಕಡೆದವರಿಲ್ಲದ ಕಂಬಗಳು

(ಬೇಲೂರಿನ ಓದುಗರೊಬ್ಬರು ಸಂಸಾರ ಸಮೇತ ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿಬಂದು, ನಮ್ಮ ಪ್ರವಾಸ ಲೇಖನದ ಮೇಲೆ ಮುನಿಸಿಕೊಂಡು ಪತ್ರ ಬರೆದಿದ್ದಾರೆ. ಕಲ್ಲುಕಂಬಗಳನ್ನು ಯಾರು ಕಡೆದರೆಂದು ನಾವು ತಿಳಿಸಲಿಲ್ಲವಂತೆ. ‘ಜೀವ ತುಂಬಿದ ಬಂಡೆ’ಗಳಲ್ಲಿ ಅವರಿಗೆ ಒಂದು ಏಡಿಯೂ ಕಾಣಲಿಲ್ಲವಂತೆ. ಮೊಮ್ಮಗಳು ಆರಿಸಿ ತಂದ ಶಂಖ ಮನೆಯಲ್ಲಿ ನಾರತೊಡಗಿತಂತೆ.)

ಮಾನ್ಯರೇ,

ಹೊಯ್ಸಳರ ಊರಿನವರು ಕಂಬ ಕಂಡಲ್ಲೆಲ್ಲ ಉಳಿಯ ಗುರುತು ಹುಡುಕುವುದು ಸಹಜ. ಇಲ್ಲಿ ಮಾತ್ರ ಶಿಲ್ಪಿ ಯಾರೂ ಇಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಮತ್ತು ಭಾರತ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಅದು. ತಣಿಯುತ್ತ ಕುಗ್ಗಿ, ಬೇಸಿಗೆಯ ಕೆರೆಯಂಗಳದ ಕೆಸರಿನಂತೆ ಬಿರಿಯಿತು. ಬಿರುಕುಗಳು ಆಳಕ್ಕಿಳಿದಾಗ ಕಂಬಗಳಾದವು. ಮುಖಗಳನ್ನು ಎಣಿಸಿದ್ದರೆ ಆರು ಮುಖದವುಗಳ ನಡುವೆ ಐದರವೂ ಏಳರವೂ ಸಿಗುತ್ತಿದ್ದವು.

ಇನ್ನು ಜೀವದ ಮಾತು. ನೀವು ಹೋದಾಗ ನೀರು ‘ಬಂಡೆಯ ಕುತ್ತಿಗೆವರೆಗೆ’ ಇತ್ತೆಂದು ನೀವೇ ಬರೆದಿದ್ದೀರಿ. ಅದು ಉಬ್ಬರ, ನೋಡಬೇಕಾದದ್ದೆಲ್ಲ ನೀರಿನಡಿ ಇತ್ತು. ಇಳಿತದಲ್ಲಿ ಹೋಗಿ ಎಂಬ ಸಾಲು ಲೇಖನದ ಕೊನೆಯ ಪ್ಯಾರಾದಲ್ಲಿತ್ತು. ಫೋಟೋ ನೋಡಿ ಪುಟ ತಿರುಗಿಸಿದವರಿಗೆ ಅದು ಕಾಣದಿದ್ದರೆ ಆಶ್ಚರ್ಯವಿಲ್ಲ!

ಪಾದ ಕೊಯ್ಯುವಷ್ಟು ಹರಿತವಾದ ಬಿಳಿ ಗುಬುಟುಗಳು ಬಂಡೆಯ ಮೇಲೆ ಇದ್ದೇ ಇರುತ್ತವೆ. ನೀವು ಅವನ್ನೂ ಕಲ್ಲೆಂದೇ ತಿಳಿದಿರಬೇಕು. ಅವು ಬಾರ್ನಕಲ್‌ಗಳು, ಏಡಿ–ಸಿಗಡಿಗಳ ನೆಂಟರು. ಮರಿ ಈಜುತ್ತ ಬಂದು ತನ್ನ ತಲೆಯನ್ನೇ ಬಂಡೆಗೆ ಅಂಟಿಸಿ, ಸುತ್ತ ಸುಣ್ಣದ ಗೋಡೆ ಕಟ್ಟಿಕೊಂಡು, ಉಳಿದ ಆಯುಷ್ಯವನ್ನು ತಲೆಕೆಳಗಾಗಿಯೇ ಕಳೆಯುತ್ತದೆ. ನೀರೇರಿದಾಗ ಬಾಗಿಲು ತೆರೆದು, ಗರಿಯಂಥ ಕಾಲುಗಳನ್ನು ಹೊರಚಾಚಿ ಆಹಾರ ಬಾಚಿಕೊಳ್ಳುತ್ತದೆ. ನೀರಿಳಿದರೆ ಬಾಗಿಲು ಭದ್ರ. ಕರಾವಳಿಯ ಬಂಡೆಗಳಲ್ಲಿ ಇನ್ನೂ ಕೆಳಗೆ, ಉತ್ತರ ಕನ್ನಡದವರು ನೀಲಿಕಲ್ಲು ಎನ್ನುವ ಹಸಿರು ಚಿಪ್ಪಿನ ಜೀವಿಗಳು ತಾವೇ ಸ್ರವಿಸಿದ ಎಳೆಗಳಿಂದ ಬಂಡೆಗೆ ಬಿಗಿದುಕೊಂಡಿರುತ್ತವೆ. ಅಲೆ ಎಷ್ಟು ಬಡಿದರೂ ಜಪ್ಪಯ್ಯ ಎನ್ನುವುದಿಲ್ಲ.

ಶಂಖ ನಾರಿದ್ದೇಕೆ? ಒಳಗೆ ಒಡೆಯನಿದ್ದ. ಅದನ್ನು ಕಟ್ಟಿದ ಹುಳುವೇ ಇದ್ದಿರಬಹುದು, ಇಲ್ಲವೇ ಬಾಡಿಗೆಗೆ ಬಂದ ಸನ್ಯಾಸಿ ಏಡಿ. ಈ ಏಡಿಯ ಹಿಂಭಾಗ ಮೆತ್ತಗೆ. ಮೈ ಕಾಯಲು ಸತ್ತ ಹುಳುವಿನ ಖಾಲಿ ಚಿಪ್ಪು ಬೇಕು, ಬೆಳೆದಂತೆ ದೊಡ್ಡದನ್ನು ಹುಡುಕಬೇಕು. ಹಾಗಾಗಿ ಖಾಲಿ ಶಂಖವನ್ನೂ ಅಲ್ಲೇ ಬಿಡುವುದು ಮೇಲು. ಮಗುವನ್ನು ಗದರಬೇಡಿ, ಈ ಕಥೆ ಹೇಳಿ.

ಮತ್ತೊಮ್ಮೆ ಹೋಗುವುದಾದರೆ ಮಳೆಗಾಲ ಬಿಡಿ, ಆಗ ದೋಣಿ ಹೊರಡುವುದಿಲ್ಲ. ಹುಣ್ಣಿಮೆ–ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಇಳಿಯುತ್ತದೆ. ತಿಥಿಗೆ ಮನೆಯ ಪಂಚಾಂಗ ಸಾಕು. ಇಳಿತ ದಿನಕ್ಕೆರಡು ಬಾರಿ, ಮರುದಿನ ಸುಮಾರು 50 ನಿಮಿಷ ತಡ. ಸರಿಯಾದ ಗಂಟೆಯನ್ನು ಮಲ್ಪೆ ಬಂದರಿನ ಮೀನುಗಾರರನ್ನು ಕೇಳಿ. ಪಾಚಿ ಜಾರುತ್ತದೆ, ಹಿಡಿತವಿರುವ ಚಪ್ಪಲಿ ಇರಲಿ.

ಮುರುಡೇಶ್ವರದಾಚೆಯ ನೇತ್ರಾಣಿಗೆ ಹೋಗಬಹುದೇ ಎಂದೂ ಕೇಳಿದ್ದೀರಿ. ಅಲ್ಲಿನ ಹವಳಗಳನ್ನು ನೋಡಲು ನೀರಿಗಿಳಿಯಬೇಕು. ಮಂಡಿನೋವಿನ ವಿಷಯ ನಿಮ್ಮ ಪತ್ರದಲ್ಲೇ ಇರುವುದರಿಂದ, ಆ ಕೆಲಸ ಮಗ–ಸೊಸೆಗೆ ವಹಿಸಿ.

— ಸಂಪಾದಕ, ಹಾಸನ