ನೀರಿನೊಳಗೆ ಬಂದ ಬೆವರು

ಪ್ರಶ್ನೆ: ನಮ್ಮ ಇಂಗ್ಲಿಷ್ ಪಠ್ಯದಲ್ಲಿ ಮೊದಲ ಮಹಾಯುದ್ಧದ ಕವಿತೆಗಳಿವೆ. ಸೈನಿಕನ ಭಯ, ಒಂಟಿತನ ಓದುವವರಿಗೂ ತಟ್ಟುತ್ತವೆ. ಹಳಗನ್ನಡ ಕಾವ್ಯದ ಯುದ್ಧಗಳಲ್ಲಿ ಮಾತ್ರ ಬರೀ ಆರ್ಭಟ. ಅಲ್ಲಿ ಯಾರಿಗೂ ಹೆದರಿಕೆಯೇ ಆಗುವುದಿಲ್ಲವೇ?
– ಬಿ.ಎ. ವಿದ್ಯಾರ್ಥಿನಿ, ಜಮಖಂಡಿ

ಉತ್ತರ: ಆಗುತ್ತದೆ ತಂಗಿ. ಅದನ್ನು ಹುಡುಕಲು ನೀವು ದೂರ ಹೋಗಬೇಕಿಲ್ಲ. 949ರಲ್ಲಿ ಮುದುವೊಳಲಿನಲ್ಲಿ, ಅಂದರೆ ನಿಮ್ಮ ನೆರೆಯ ಮುಧೋಳದಲ್ಲಿ ಹುಟ್ಟಿದ ರನ್ನನ ‘ಗದಾಯುದ್ಧ’ವನ್ನು ತೆರೆಯಿರಿ. ಹನ್ನೊಂದು ಅಕ್ಷೌಹಿಣಿಯ ಒಡೆಯ ದುರ್ಯೋಧನ ಹೆಣಗಳ ನಡುವೆ ಸಂಜಯನೊಬ್ಬನ ಜೊತೆ ನಡೆಯುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ, ಒಬ್ಬೊಬ್ಬರ ಶವದ ಮುಂದೆಯೂ ನಿಲ್ಲುತ್ತಾನೆ. ಕೊನೆಗೆ ವೈಶಂಪಾಯನ ಸರೋವರದಲ್ಲಿ ಮುಳುಗಿ ಕೂರುವಾಗ ಸಂಜಯನೂ ಇಲ್ಲ. ದಡದಲ್ಲಿ ಭೀಮ ಗರ್ಜಿಸುತ್ತಾನೆ. ಆಗ ಬರುತ್ತದೆ ಆ ಸಾಲು: ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’. ನೀರಿನೊಳಗಿದ್ದೂ ಬೆವರಿದ.

ಇದೇ ಪದ್ಯದಲ್ಲಿ ರನ್ನ ಅವನ ಕಣ್ಣು ಕೋಪದಿಂದ ಕೆಂಪಾಗಿತ್ತು ಎನ್ನುತ್ತಾನೆ. ಆದ್ದರಿಂದ ಆ ಬೆವರೂ ಕೋಪದ್ದೇ ಎಂದು ವಾದಿಸುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಕಣ್ಣು ಒಂದು ಹೇಳುತ್ತಿದೆ, ಚರ್ಮ ಇನ್ನೊಂದು. ‘ಹೆದರಿದ’ ಎಂಬ ಮಾತೇ ಅಲ್ಲಿ ಇಲ್ಲ. ಇನ್ನು ಆ ಹೆಸರು ನೋಡಿ: ಉರಗಪತಾಕ, ಹಾವಿನ ಬಾವುಟದವನು. ಬಾವುಟ ಹಿಡಿಯಲು ಒಬ್ಬನೂ ಉಳಿಯದ ಹೊತ್ತಿನಲ್ಲಿ ಕವಿ ಅವನನ್ನು ಕರೆಯುವುದು ಬಾವುಟದ ಹೆಸರಿನಿಂದ!

ನಿಮ್ಮ ಪಠ್ಯದಲ್ಲಿ ವಿಲ್ಫ್ರೆಡ್ ಓವೆನ್ ಇದ್ದೇ ಇರಬೇಕು. ವಿಷಾನಿಲದ ದಾಳಿಯಲ್ಲಿ ಮುಖವಾಡ ತೊಡಲು ತಡವಾದ ಒಬ್ಬ ಸೈನಿಕ, ಹಸಿರು ಕಡಲಲ್ಲಿ ಮುಳುಗುವವನಂತೆ ಅವನಿಗೆ ಕಾಣುತ್ತಾನೆ. ನೋಡುವವನಿಗೂ ಸಾಯುವವನಿಗೂ ನಡುವೆ ಮುಖವಾಡದ ಮಸುಕು ಗಾಜು. ಕೈಚಾಚಿದರೆ ಸಿಗುವಷ್ಟು ಹತ್ತಿರ, ಆದರೂ ಏನೂ ಮಾಡುವಂತಿಲ್ಲ. ಓವೆನ್ ಸ್ವತಃ ಕಂದಕದಲ್ಲಿದ್ದವನು. 1918ರ ನವೆಂಬರ್ 4ರಂದು, ಕದನವಿರಾಮಕ್ಕೆ ಒಂದು ವಾರ ಇರುವಾಗ, 25ನೇ ವಯಸ್ಸಿನಲ್ಲಿ ಸತ್ತ.

ನಿಮ್ಮ ದೂರಿನಲ್ಲಿ ಅರ್ಧ ನಿಜವಿದೆ. ರನ್ನ ಭಯ ಕೊಟ್ಟದ್ದು ಅರಸನಿಗೆ, ಅದೂ ಶತ್ರುವಿಗೆ. ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ಬರೆದವನು ಭೀಮನನ್ನು ಬೆವರಿಸಲು ಸಾಧ್ಯವೇ? ಕಾಲಾಳುಗಳಂತೂ ಬರೀ ದಾರಿಗೆ ಅಡ್ಡಬಿದ್ದ ಹೆಣಗಳು. ಕುಮಾರವ್ಯಾಸನ ಉತ್ತರಕುಮಾರ ರಥದಿಂದ ಹಾರಿ ಓಡಿದರೆ ನಾವು ನಗುತ್ತೇವೆ. ವೀರಗಲ್ಲಿನಲ್ಲಿ ಕಾದಾಟದ ಮೇಲಿನ ಪಟ್ಟಿಯಲ್ಲೇ ಅಪ್ಸರೆಯರು ಬಂದುಬಿಡುತ್ತಾರೆ. ನಡುವಿನ ಗಳಿಗೆಯನ್ನು ಶಿಲ್ಪಿ ಕೆತ್ತುವುದಿಲ್ಲ.

ಆ ಗಳಿಗೆಯ ಬಗ್ಗೆ ನನಗೆ ಹೇಳಿದವನು ನನ್ನ ಸೋದರಮಾವ. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಹವಾಲ್ದಾರನಾಗಿದ್ದವನು, 1971ರಲ್ಲಿ ಪೂರ್ವದ ಗಡಿ ದಾಟಿದವನು. ಯುದ್ಧದ ಮಾತೆತ್ತಿದರೆ ಎಲೆ-ಅಡಿಕೆಯ ಚೀಲ ಬಿಚ್ಚುತ್ತಾ ಕೂರುತ್ತಿದ್ದ. ನಾನು ಕಾಲೇಜಿಗೆ ಸೇರಿದ ಹೊಸದರಲ್ಲಿ ಈ ಪದ್ಯ ಪಾಠ ಮಾಡುವಾಗ ಒಬ್ಬ ಹುಡುಗ, ‘ನೀರಲ್ಲಿದ್ದವನಿಗೆ ಬೆವರಿದ್ದು ಹೇಗೆ ಗೊತ್ತಾಗುತ್ತದೆ ಸರ್?’ ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ರಾತ್ರಿ ಊಟಕ್ಕೆ ಕುಳಿತಾಗ ಅದನ್ನೇ ಮಾವನಿಗೆ ಹೇಳಿದೆ.

ಮಾವ ನಗಲಿಲ್ಲ. ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. ‘ಗೊತ್ತಾಗುತ್ತದೆ’ ಎಂದ. ‘ಡಿಸೆಂಬರ್ ತಿಂಗಳು. ಸೊಂಟದವರೆಗೆ ನೀರು, ಬಂದೂಕು ತಲೆಯ ಮೇಲೆ. ಹಿಂದೆ ಮುಂದೆ ನಮ್ಮವರೇ ಇದ್ದರು, ಒಬ್ಬರ ಉಸಿರೂ ಕೇಳಿಸುತ್ತಿರಲಿಲ್ಲ. ನೀರಿನ ಥಂಡಿ ಹೊರಗಿನಿಂದ ಬರುತ್ತದೆ. ಬೆವರಿನ ಥಂಡಿ ಒಳಗಿನಿಂದ.’

ಸ್ವಲ್ಪ ಹೊತ್ತು ಬಿಟ್ಟು, ‘ಅದನ್ನು ಬರೆದವನು ಫೌಜಿನಲ್ಲಿದ್ದನೇನು?’ ಎಂದು ಕೇಳಿದ.

ಇಲ್ಲ ಮಾವ, ಬಳೆಗಾರರ ಮನೆಯವನು ಎಂದೆ.