ಒಂದು ಅಂಕದ ಲೆಕ್ಕ: ಲ್ಯಾರಿ ಹೋಮ್ಸ್ ಲೇಖನಕ್ಕೆ ಸಂಪಾದಕರ ಉತ್ತರ

ನಮಸ್ಕಾರ,

ನಿಮ್ಮ 'ಅಲಿಯ ನೆರಳಿನಲ್ಲಿ ಅರಳದ ಹೂವು' ಎರಡು ಸಲ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲೂ ಮನಸ್ಸಾಗಲಿಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ನಿಮ್ಮ ವಾದ ಇಷ್ಟು: 1978ರಿಂದ 1985ರವರೆಗೆ ಬಾಕ್ಸಿಂಗ್‌ನ ಹೆವಿವೇಟ್ ಚಾಂಪಿಯನ್ ಆಗಿದ್ದ ಲ್ಯಾರಿ ಹೋಮ್ಸ್‌ಗೆ ಆಗ ಸಿಗದ ಗೌರವ ಈಗ ಸಿಗುತ್ತಿದೆ, ಕಾಲವೇ ನ್ಯಾಯ ಕೊಟ್ಟಿತು. ಮೊದಲರ್ಧ ಸರಿ. ಎರಡನೇ ಅರ್ಧ ಬರೀ ಸಮಾಧಾನದ ಮಾತು. ಕಾಲ ಯಾರಿಗೂ ಏನೂ ಕೊಡುವುದಿಲ್ಲ ಮಾರಾಯರೇ. ಆ ಪಂದ್ಯಗಳು ಆಗ ಹೇಗಿದ್ದವೋ ಈಗಲೂ ಹಾಗೇ ಇವೆ. ನೋಡುವವರು ಬದಲಾದರು. ಯಾವಾಗ ಬದಲಾದರು, ಏನನ್ನು ನೋಡಿ ಬದಲಾದರು? ಅದನ್ನು ನೀವು ಹೇಳಬೇಕಿತ್ತು. 'ಕಾಲ' ಅನ್ನುವ ಪದ ಹನ್ನೊಂದು ಸಲ ಬಂದಿದೆ, ಎಣಿಸಿದೆ.

ಮೊದಲ ಎರಡು ಪುಟ ಪೂರ್ತಿ ಮುಹಮ್ಮದ್ ಅಲಿ. ಹೋಮ್ಸ್ ಬರುವುದು ಮೂರನೇ ಪುಟದಲ್ಲಿ. ನೆರಳಿನ ಬಗ್ಗೆ ದೂರುತ್ತಾ ನೀವೇ ಅವನನ್ನು ನೆರಳಿನಲ್ಲಿ ನಿಲ್ಲಿಸಿದ್ದೀರಿ, ಅಲ್ವಾ? 1980ರ ಅಕ್ಟೋಬರ್ 2ರ ಲಾಸ್ ವೇಗಸ್ ಪಂದ್ಯ ಬೇಕೇ ಬೇಕು, ಒಪ್ಪುತ್ತೇನೆ. ಅಲಿ ಎರಡು ವರ್ಷ ರಿಂಗ್ ಬಿಟ್ಟು ವಾಪಸ್ ಬಂದಿದ್ದ. ವಯಸ್ಸು 38. ಎದುರಿಗೆ 30ರ ಹೋಮ್ಸ್, ಹಿಂದೆ ಇದೇ ಅಲಿಯ ಅಭ್ಯಾಸಕ್ಕೆ ಎದುರಾಳಿಯಾಗಿ ಕೂಲಿಗೆ ನಿಂತಿದ್ದವನು. ಹತ್ತು ಸುತ್ತು ಆದ ಮೇಲೆ ಅಲಿಯ ತರಬೇತುದಾರ ಏಂಜೆಲೊ ಡಂಡಿ ಇನ್ನು ಸಾಕು ಅಂದರು. ಗೆದ್ದ ಹೋಮ್ಸ್ ಅತ್ತುಬಿಟ್ಟ. ನೀವು ಬರೆದದ್ದು 'ಗುರುವನ್ನು ಮೀರಿದ ಶಿಷ್ಯನ ವಿಜಯದುಂದುಭಿ'. ಅಳುತ್ತಿರುವವನ ಪಕ್ಕ ದುಂದುಭಿ ಬಾರಿಸಬೇಡಿ. ಆ ಗೆಲುವಿನಿಂದ ಅವನಿಗೆ ಸಿಕ್ಕಿದ್ದು ಏನು? ಮುದಿ ಅಲಿಯನ್ನು ಸೋಲಿಸಿದ್ದಕ್ಕೆ ಹೆಸರು ಬರಲಿಲ್ಲ, ಅಲಿಯನ್ನು ಹೊಡೆದದ್ದಕ್ಕೆ ಸಿಟ್ಟು ಮಾತ್ರ ಬಂತು.

ಈಗ ನನ್ನ ನಿಜವಾದ ತಕರಾರು. ನಿಮ್ಮ ಲೇಖನದಲ್ಲೇ ಒಂದು ಚಿನ್ನದ ತುಂಡು ಬಿದ್ದಿದೆ, ನೀವೇ ಅದನ್ನು ದಾಟಿ ಹೋಗಿದ್ದೀರಿ. 1978ರ ಜೂನ್ 9ರಂದು ಕೆನ್ ನಾರ್ಟನ್ ವಿರುದ್ಧ 15 ಸುತ್ತು ಆಡಿ ಹೋಮ್ಸ್ ಪಟ್ಟ ಗೆದ್ದ. ಇಬ್ಬರು ತೀರ್ಪುಗಾರರು ಅವನಿಗೆ 143–142 ಕೊಟ್ಟರು, ಮೂರನೆಯವರು ಅದನ್ನೇ ತಿರುಗಿಸಿ ನಾರ್ಟನ್‌ಗೆ ಕೊಟ್ಟರು. 1985ರ ಸೆಪ್ಟೆಂಬರ್ 21ರಂದು ಮೈಕೆಲ್ ಸ್ಪಿಂಕ್ಸ್ ಎದುರು ಪಟ್ಟ ಹೋಯಿತು. ಆಗ ಇಬ್ಬರು ತೀರ್ಪುಗಾರರ ಲೆಕ್ಕ? ಅದೇ 143–142, ಈ ಸಲ ಸ್ಪಿಂಕ್ಸ್ ಕಡೆಗೆ. ಮೂರನೆಯವರದು 145–142. ಒಂದಂಕದಲ್ಲಿ ಬಂದದ್ದು ಒಂದಂಕದಲ್ಲಿ ಹೋಯಿತು. ನೀವು ಮೊದಲನೆಯದನ್ನು 'ಅಮೋಘ ಜಯ' ಅಂದಿರಿ, ಎರಡನೆಯದನ್ನು 'ಮೋಸದ ತೀರ್ಪು' ಅಂದಿರಿ. ನಾರ್ಟನ್ ಅಭಿಮಾನಿಯೊಬ್ಬ ಬರೆದಿದ್ದರೆ ಈ ಎರಡು ಮಾತು ಅದಲುಬದಲಾಗುತ್ತಿದ್ದವು. ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

ಆ ಸ್ಪಿಂಕ್ಸ್ ಪಂದ್ಯಕ್ಕೆ ಬರುವಾಗ ಹೋಮ್ಸ್ 48 ಗೆದ್ದಿದ್ದ, ಒಂದೂ ಸೋತಿರಲಿಲ್ಲ. ಇನ್ನೊಂದು ಗೆದ್ದಿದ್ದರೆ, ಒಂದೂ ಸೋಲದೆ ರಿಂಗ್ ಬಿಟ್ಟ ಹಳೇ ಹೆವಿವೇಟ್ ಚಾಂಪಿಯನ್ ರಾಕಿ ಮಾರ್ಸಿಯಾನೊನ 49–0 ಸಮ. ಮಾರ್ಸಿಯಾನೊ ಕೊನೆಯ ಪಂದ್ಯ ಆಡಿ ಅವತ್ತಿಗೆ ಸರಿಯಾಗಿ 30 ವರ್ಷ. ಸೋತ ಸಿಟ್ಟಿನಲ್ಲಿ ಹೋಮ್ಸ್ ಪತ್ರಕರ್ತರ ಮುಂದೆ, ಮಾರ್ಸಿಯಾನೊಗೆ ನನ್ನ ಲಂಗೋಟಿ ಹೊರುವ ಯೋಗ್ಯತೆಯೂ ಇಲ್ಲ ಅನ್ನುವ ಅರ್ಥದ ಮಾತಾಡಿದ. ಮಾರ್ಸಿಯಾನೊ ತೀರಿಕೊಂಡು 16 ವರ್ಷ ಆಗಿತ್ತು. ಆಮೇಲೆ ಕ್ಷಮೆ ಕೇಳಿದ, ಆದರೂ ಜನ ಆ ಒಂದು ವಾಕ್ಯವನ್ನು ಅವನ ಜ್ಯಾಬ್‌ಗಿಂತ, ಅಂದರೆ ಎಡಗೈಯ ಆ ನೇರ ಪೆಟ್ಟಿಗಿಂತ, ಜಾಸ್ತಿ ನೆನಪಿಟ್ಟುಕೊಂಡರು. ನೀವು ಇದನ್ನು ಪೂರ್ತಿ ಬಿಟ್ಟಿದ್ದೀರಿ. ಮುಚ್ಚಿಟ್ಟರೆ ಓದುಗರಿಗೆ ಗೊತ್ತಾಗುವುದಿಲ್ಲವೇ? ಟಿಮ್ ವಿದರ್‌ಸ್ಪೂನ್ ವಿಷಯವೂ ಹಾಗೇ. 1983ರಲ್ಲಿ ಅವನು ಹೋಮ್ಸ್ ಎದುರು ಕೂದಲೆಳೆಯಲ್ಲಿ ಸೋತ. ಮರುಪಂದ್ಯ ಮಾತ್ರ ಸಿಗಲೇ ಇಲ್ಲ. ಹೋಮ್ಸ್‌ನನ್ನು ಒಪ್ಪದವರ ಕೈಯಲ್ಲಿರುವ ಗಟ್ಟಿ ಸಾಕ್ಷಿ ಇದು. ನೀವೇ ಎತ್ತಿಕೊಂಡು ಉತ್ತರ ಕೊಡಿ.

ನಿಮ್ಮದರಲ್ಲಿ ನನಗೆ ತುಂಬ ಇಷ್ಟವಾದದ್ದು ಅರ್ನಿ ಶೇವರ್ಸ್ ಪ್ಯಾರಾ. 1979, ಏಳನೇ ಸುತ್ತು. ಶೇವರ್ಸ್‌ನ ಬಲಗೈ ಪೆಟ್ಟಿಗೆ ಹೋಮ್ಸ್ ಬುಡ ಕಡಿದ ಮರದ ಹಾಗೆ ಬಿದ್ದು, ಎದ್ದು, 11ನೇ ಸುತ್ತಿನಲ್ಲಿ ಗೆದ್ದದ್ದು. ಅಲ್ಲಿ ಒಂದು ವಿಶೇಷಣವೂ ಇಲ್ಲ. ಉಳಿದದ್ದನ್ನೂ ಹಾಗೇ ಬರೆಯಿರಿ.

ಕೊನೆ ಭಾಗ ಅವಸರದಲ್ಲಿ ಮುಗಿದಿದೆ. 1988ರ ಜನವರಿಯಲ್ಲಿ ಆಗಿನ ಚಾಂಪಿಯನ್ ಮೈಕ್ ಟೈಸನ್ ನಾಲ್ಕನೇ ಸುತ್ತಿನಲ್ಲಿ ಹೋಮ್ಸ್‌ನನ್ನು ನೆಲಕ್ಕೆ ಹಾಕಿದಾಗ ಹೋಮ್ಸ್ ವಯಸ್ಸೆಷ್ಟು ನೋಡಿದಿರಾ? 38. ಅವನೂ ಹೆಚ್ಚುಕಡಿಮೆ ಎರಡು ವರ್ಷ ರಿಂಗ್ ಬಿಟ್ಟು ಬಂದವನೇ. ಅಲಿಯ ಜಾಗದಲ್ಲಿ ಈಗ ಅವನು. ಅಲಿ ಸೋತಾಗ ವಯಸ್ಸು ನೆಪವಾಯಿತು. ಹೋಮ್ಸ್ ಸೋತಾಗ, ಇವನು ಇಷ್ಟೇ ಅಂದರು. ಅದು ತಿರುಗಿದ್ದು 1992ರಲ್ಲಿ ಅಂತ ನನ್ನ ಲೆಕ್ಕ. ಒಲಿಂಪಿಕ್ ಚಿನ್ನ ಗೆದ್ದಿದ್ದ, ಅಲ್ಲಿಯವರೆಗೂ ಸೋಲದ ರೇ ಮರ್ಸರ್‌ನನ್ನು 42ರ ಹೋಮ್ಸ್ 12 ಸುತ್ತು ಆಡಿಸಿ ಸೋಲಿಸಿದ. ಅದೇ ವರ್ಷ ಜೂನ್‌ನಲ್ಲಿ ಆಗಿನ ಚಾಂಪಿಯನ್ ಇವಾಂಡರ್ ಹೋಲಿಫೀಲ್ಡ್ ಎದುರು ಸೋತರೂ 12 ಸುತ್ತು ನಿಂತ. 42ರಲ್ಲೇ ಹೀಗಿದ್ದರೆ 32ರಲ್ಲಿ ಹೇಗಿದ್ದಿರಬೇಕು ಅಂತ ಜನ ಹಳೇ ಟೇಪು ಹುಡುಕಿದ್ದು ಆಮೇಲೆ. ಸತತ 20 ಸಲ ಪಟ್ಟ ಉಳಿಸಿಕೊಂಡವನು, ಜೋ ಲೂಯಿಸ್‌ನ 25 ಬಿಟ್ಟರೆ ಹೆವಿವೇಟ್‌ನಲ್ಲಿ ಅವನೇ ಅನ್ನುವ ಅಂಕಿಗೂ ಆಗಲೇ ಬೆಲೆ ಬಂದದ್ದು. ನೀವು ಒಪ್ಪದಿದ್ದರೆ ಬೇರೆ ವರ್ಷ ಹೇಳಿ, ಆದರೆ ವರ್ಷ ಹೇಳಿ.

'ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ' ಅನ್ನುವ ಕೊನೆಯ ಸಾಲು ತೆಗೆಯಿರಿ. ನೀವು ಬರೆಯುವಾಗ ಹೋಮ್ಸ್ ಆರಾಮಾಗಿಯೇ ಇದ್ದಾರೆ ಅಂತ ನೀವೇ ಹಿಂದಿನ ಪುಟದಲ್ಲಿ ಹೇಳಿದ್ದೀರಿ. ಶೀರ್ಷಿಕೆಯ ಹೂವೂ ಬೇಡ.

ತಿಂಗಳೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ಹಾಂ, ನಾರ್ಟನ್ ಹೆಸರನ್ನು ಮೂರು ಕಡೆ ಮೂರು ಥರ ಬರೆದಿದ್ದೀರಿ. ಯಾವುದಾದರೂ ಒಂದನ್ನು ಇಟ್ಟುಕೊಳ್ಳಿ.