ಸೌಟು ಬೇರೆ, ಪಂಕ್ತಿ ಒಂದೇ: ಅತ್ತೆ, ಸೊಸೆ ಮತ್ತು ರೋಮಾಪುರದ ಪತ್ರಿಕೆ

ಅತ್ತೆಗೆ 58, ಸೊಸೆಗೆ 27, ಮಗನಿಗೆ 31. ಉತ್ತರ ಕರ್ನಾಟಕದ ಒಂದು ತಾಲ್ಲೂಕು ಊರು. ಸಮಾಲೋಚನೆಗೆಂದು ನಮ್ಮಲ್ಲಿಗೆ ಒಂಬತ್ತು ವಾರದಲ್ಲಿ ಆರು ಭೇಟಿ, ಒಂದೊಂದೂ ಸುಮಾರು 50 ನಿಮಿಷ. ಗುರುತು ಹತ್ತದ ಹಾಗೆ ವಿವರ ಬದಲಿಸಿದೆ, ಬರೆಯುವುದಕ್ಕೆ ಮೂವರ ಒಪ್ಪಿಗೆಯೂ ಇದೆ. ಕಳಿಸಿಕೊಟ್ಟವರು ಅವರ ಸಭೆಯ (ಚರ್ಚಿನ) ಪಾದ್ರಿಗಳಾದ ಸಭಾಪಾಲಕರು. ಅವರು ಕೊಟ್ಟ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: "ಅಡುಗೆಮನೆ ಜಗಳ, ಈಗ ಸಭೆಗೂ ಬಂದಿದೆ."

ಅತ್ತೆಯ ಮನೆತನದವರು 19ನೇ ಶತಮಾನದಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್ ಪಾದ್ರಿಗಳ ಕಾಲದಿಂದಲೂ ಕ್ರೈಸ್ತರು. ಭಾನುವಾರ ಆರಾಧನೆ ಮುಗಿದ ಮೇಲೆ ಮನೆಯಲ್ಲಿ ಕೋಳಿ ಸಾರು ಆಗಲೇಬೇಕು. ಸೊಸೆ ಹುಟ್ಟಿದ್ದು ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ. ಕಾಲೇಜು ದಿನಗಳಲ್ಲಿ ತಾನಾಗಿ ಸತ್ಯವೇದ (ಬೈಬಲ್) ಓದಲು ಹಿಡಿದವಳು, ಮದುವೆಗೆ ಎರಡು ವರ್ಷ ಮುಂಚೆ ದೀಕ್ಷಾಸ್ನಾನ ಮಾಡಿಸಿಕೊಂಡಳು. ಆಮೇಲೆ ತವರಿನವರು ಅವಳನ್ನು ಮನೆಗೆ ಸೇರಿಸಲಿಲ್ಲ. ಮದುವೆಗೂ ಬರಲಿಲ್ಲ.

ಜಗಳ ಸುರುವಾದದ್ದು ಒಂದು ಸೌಟಿನಿಂದ. ಕೋಳಿ ಸಾರಿನಲ್ಲಿದ್ದ ಸೌಟನ್ನೇ ಅತ್ತೆ ಬೇಳೆ ಸಾರಿಗೂ ಹಾಕಿದರು. ಸೊಸೆ ಅವತ್ತು ಮೊಸರನ್ನ ಉಂಡು ಎದ್ದಳು. ಮರುದಿನ ಅಡುಗೆಮನೆಯಲ್ಲಿ ಅವಳದೇ ಒಂದು ತಟ್ಟೆ, ಒಂದು ಲೋಟ, ಒಂದು ಸ್ಟೀಲ್ ಡಬ್ಬಿ ಬೇರೆಯಾಗಿ ಕೂತವು. ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲ. ನಾಲ್ಕು ತಿಂಗಳಾದ ಮೇಲೆ ಸಭೆಯವರೆಲ್ಲ ಕೂಡಿ ಉಣ್ಣುವ ಪ್ರೀತಿಭೋಜನದ ದಿನ, ನೆರೆದವರೆಲ್ಲರ ಎದುರು ಅತ್ತೆ, "ಅಕಿ ನಂಬಿಕೆ ಇನ್ನೂ ಗಟ್ಟಿ ಆಗಿಲ್ಲ ಬಿಡ್ರಿ" ಅಂದರು. ಸೊಸೆ ಅಂದಿನಿಂದ ಸಭೆಯ ಊಟಕ್ಕೆ ನಿಲ್ಲುವುದನ್ನೇ ಬಿಟ್ಟಳು.

ಮೊದಲ ಎರಡು ಭೇಟಿಗೆ ಅತ್ತೆ, ಸೊಸೆಯನ್ನು ಬೇರೆಬೇರೆಯಾಗಿಯೇ ಕರೆಯಬೇಕಿತ್ತು. ಇಂಥ ಪ್ರಕರಣದಲ್ಲಿ ಸತ್ಯವೇದ ತೆರೆಯುವ ಮುಂಚೆ ಕೇಳಬೇಕಾದ ಪ್ರಶ್ನೆಗಳಿವೆ. ಹೊಡೆತ ಬಡಿತ ಇದೆಯೇ? ಊಟಕ್ಕೆ ತಡೆ ಇದೆಯೇ? ಸಂಬಳ, ಫೋನು, ಬಂಗಾರ ಯಾರ ಕೈಯಲ್ಲಿದೆ? ಇವುಗಳಲ್ಲಿ ಒಂದಕ್ಕೆ ಹೌದು ಎಂಬ ಉತ್ತರ ಬಂದರೂ "ಒಬ್ಬರನ್ನೊಬ್ಬರು ಸಹಿಸಿಕೊಳ್ಳಿ" ಎಂಬ ಉಪದೇಶವನ್ನು ಅಲ್ಲಿಗೇ ನಿಲ್ಲಿಸಬೇಕು. ಅಲ್ಲಿ ದಾರಿ 181 ಮಹಿಳಾ ಸಹಾಯವಾಣಿ ಮತ್ತು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ, ಸತ್ಯವೇದದಲ್ಲಿರುವ ಅಪೊಸ್ತಲ ಪೌಲನ ಪತ್ರಿಕೆ, ಅಂದರೆ ಪತ್ರ, ಅಲ್ಲ. ಈ ಮನೆಯಲ್ಲಿ ಅಂಥದ್ದೇನೂ ಇರಲಿಲ್ಲ. ಇದ್ದದ್ದು ಮಾತಿನ ಚುಚ್ಚು ಮತ್ತು ಮೌನದ ಚುಚ್ಚು, ಎರಡೂ ಹೆಚ್ಚುಕಡಿಮೆ ಸಮ ತೂಕದಲ್ಲಿ.

ಸೊಸೆಗೆ ಹಾಕಿದ ಮೊದಲ ಪ್ರಶ್ನೆ, "ಮಾಂಸ ಯಾಕೆ ಬೇಡ?" ಇದಕ್ಕೆ ಸಾಮಾನ್ಯವಾಗಿ ನಾಲ್ಕು ಉತ್ತರ ಇರುತ್ತವೆ, ನಾಲ್ಕಕ್ಕೂ ಮದ್ದು ಬೇರೆ. ವಾಸನೆಗೇ ಹೊಟ್ಟೆ ತೊಳಸುತ್ತದೆ ಎಂದರೆ ಅದು ಮೈಯ ಮಾತು, ಅಲ್ಲಿ ದೇವರ ವಿಷಯ ತರುವುದೇ ತಪ್ಪು. ರೂಢಿಯಿಲ್ಲ ಎಂದರೆ ಕಾಲ ಬೇಕು. ತಿಂದರೆ ಮನಸ್ಸಾಕ್ಷಿ ಕುಟುಕುತ್ತದೆ ಎಂದರೆ ತಿನ್ನಲೇಬಾರದು. ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೇ ಅಧ್ಯಾಯದ ಕೊನೆಯ ವಚನ ಅದನ್ನು ನೇರವಾಗಿ ಹೇಳುತ್ತದೆ: ಸಂಶಯಪಡುತ್ತಾ ತಿನ್ನುವವನು ನಂಬಿಕೆಯಿಂದ ತಿನ್ನಲಿಲ್ಲ, ಆದ್ದರಿಂದ ಅವನು ದೋಷಿ. ನಾಲ್ಕನೆಯದು ಕಷ್ಟದ್ದು. ತಿನ್ನುವವರ ಕೈಯೇ ಮೈಲಿಗೆ ಎಂಬ ಭಾವ ಅದು.

ಯಾವುದೆಂದು ತಿಳಿಯಲು ಒಂದು ಸಣ್ಣ ಪರೀಕ್ಷೆ ಸಾಕು. ಅತ್ತೆ ಚೊಕ್ಕ ಪಾತ್ರೆಯಲ್ಲಿ ಬೇಳೆ ಸಾರು ಮಾತ್ರ ಮಾಡಿ ಬಡಿಸಿದರೆ ಉಣ್ಣುತ್ತೀಯಾ? ಅವರು ಕುಡಿದ ಲೋಟವನ್ನು ತೊಳೆದು ಚಹಾ ಕೊಟ್ಟರೆ ಕುಡಿಯುತ್ತೀಯಾ? ಮೊದಲನೆಯದಕ್ಕೆ ಅವಳು ತಟ್ಟನೆ ಹೂಂ ಅಂದಳು. ಎರಡನೆಯದಕ್ಕೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಕುಡೀಬೇಕು ಅಂತ ಗೊತ್ತು, ಆದ್ರೆ ಕೈ ಹಿಂದಕ್ಕ ಬರ್ತದ" ಎಂದಳು. ಆ ಪ್ರಾಮಾಣಿಕತೆ ಸಿಕ್ಕ ಮೇಲೆ ಕೆಲಸ ಅರ್ಧ ಹಗುರವಾಯಿತು. ಪದಾರ್ಥ ಬೇಡ ಎನ್ನುವುದು ಒಂದು, ಕೈ ಬೇಡ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಪೌಲ ಪೂರ್ತಿ ಸ್ವಾತಂತ್ರ್ಯ ಕೊಡುತ್ತಾನೆ. ಎರಡನೆಯದಕ್ಕೆ ಅವನಲ್ಲಿ ಜಾಗವೇ ಇಲ್ಲ.

ಇದನ್ನು ಇಬ್ಬರಿಗೂ ತಿಳಿಸಲು ರೋಮಿನ ಕಥೆ ಸ್ವಲ್ಪ ಹೇಳಬೇಕಾಯಿತು. ಕ್ಲೌದ್ಯ ಚಕ್ರವರ್ತಿ ಯೆಹೂದ್ಯರನ್ನು ರೋಮಾಪುರದಿಂದ ಹೊರಡಿಸಿದ್ದು ಸುಮಾರು ಕ್ರಿ.ಶ. 49ರಲ್ಲಿ. ಹಾಗೆ ಊರು ಬಿಟ್ಟವರಲ್ಲಿ ಡೇರೆ ಹೊಲಿಯುವ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯೂ ಇದ್ದರು. 54ರಲ್ಲಿ ಚಕ್ರವರ್ತಿ ಸತ್ತ, ಹೋದವರು ಒಬ್ಬೊಬ್ಬರಾಗಿ ತಿರುಗಿ ಬಂದರು. ಅಷ್ಟರೊಳಗೆ ಮನೆಮನೆಯ ಸಭೆಗಳಲ್ಲಿ ಅನ್ಯಜನರದೇ, ಅಂದರೆ ಯೆಹೂದ್ಯರಲ್ಲದ ವಿಶ್ವಾಸಿಗಳದೇ, ಮೇಲುಗೈಯಾಗಿತ್ತು, ಊಟದ ರೀತಿಯೂ ಅವರದೇ ಆಗಿತ್ತು. ಸುಮಾರು 57ರಲ್ಲಿ ಪೌಲ ಕೊರಿಂಥದಿಂದ ಪತ್ರಿಕೆ ಬರೆಸುವ ಹೊತ್ತಿಗೆ ಕೆಲವರು ಎಲ್ಲವನ್ನೂ ತಿನ್ನುವವರು, ಕೆಲವರು ಬರೀ ಕಾಯಿಪಲ್ಯ ತಿನ್ನುವವರು. ಯೆಹೂದ್ಯರು ಪಾಲಿಸುವ ಮೋಶೆಯ ಧರ್ಮಶಾಸ್ತ್ರ ಮಾಂಸವನ್ನೇನೂ ಪೂರ್ತಿ ಬೇಡ ಅನ್ನುವುದಿಲ್ಲ. ಆದರೆ ಶುದ್ಧವೆಂಬ ನಂಬಿಕೆಯಿಂದ ಕೊಳ್ಳುವ ಮಾಂಸ ಆ ಪಟ್ಟಣದಲ್ಲಿ ಸುಲಭವಲ್ಲ, ಅದಕ್ಕೇ ಅಂಥವರು ಪಲ್ಯಕ್ಕೆ ನಿಂತರು ಎಂದು ಬಹಳ ವ್ಯಾಖ್ಯಾನಕಾರರು ಓದುತ್ತಾರೆ. ಬಾಬಿಲೋನಿನ ಅರಮನೆಯಲ್ಲಿ ಯೆಹೂದ್ಯ ಯುವಕ ದಾನಿಯೇಲ ಹತ್ತು ದಿನ ಕಾಯಿಪಲ್ಯ, ನೀರಿನಲ್ಲೇ ಕಳೆದ ಹಾಗೆ.

ಪೌಲ ಇಬ್ಬರಿಗೂ ಒಂದೇ ಬುದ್ಧಿ ಹೇಳಲಿಲ್ಲ. ತಿನ್ನುವವನಿಗೆ, ತಿನ್ನದವನನ್ನು ಹೀನೈಸಬೇಡ ಎಂದ. ತಿನ್ನದವನಿಗೆ, ತಿನ್ನುವವನ ಮೇಲೆ ತೀರ್ಪು ಮಾಡಬೇಡ ಎಂದ. ಹೀನೈಸುವುದು ಬಾಯಿಂದ ಆಗುವ ತಪ್ಪು, ನಾಲ್ಕು ಜನಕ್ಕೆ ಕೇಳಿಸುತ್ತದೆ. ತೀರ್ಪು ಒಳಗೇ ಕೂತಿರುತ್ತದೆ, ಡಬ್ಬಿ ಇಟ್ಟ ಜಾಗದಲ್ಲಿ ಕಾಣುತ್ತದೆ. ಸಭೆಯವರು ಅತ್ತೆಯ ಬಾಯನ್ನಷ್ಟೇ ದೂರಿದ್ದು ಅರೆಬರೆ ನ್ಯಾಯ.

ಅತ್ತೆಯ ಮಾತನ್ನು ಬರೀ ಅಧಿಕಪ್ರಸಂಗವೆಂದು ತಳ್ಳುವಂತೆಯೂ ಇರಲಿಲ್ಲ. ನಮ್ಮ ನೆಲದಲ್ಲಿ ಶಾಕಾಹಾರ ಬರೀ ಆಹಾರವಲ್ಲ, ಅದರ ಬೆನ್ನಿಗೆ ಜಾತಿಯ ಮೆಟ್ಟಿಲು ಇದೆ. ಅವರ ಅಜ್ಜಿಯ ಕಾಲದಲ್ಲಿ ಮೇಲಿನ ಓಣಿಯವರು ನೀರನ್ನು ಎತ್ತಿ ಹೊಯ್ಯುತ್ತಿದ್ದರಂತೆ. ಸೊಸೆಯ ಬೇರೆ ಲೋಟ ನೋಡಿದಾಗ ಅವರಿಗೆ ಕಂಡದ್ದು ಆ ನೀರು. "ನನ್ನ ಅಡಿಗಿಮನ್ಯಾಗ ನಾನೇ ಹೊರಗಿನಾಕಿ ಆದೆ" ಅಂದರು. ಮನೆಯೊಳಗೆ ಸೊಸೆ ಒಂಟಿ. ಊರೊಳಗೆ ಅವಳು ಹುಟ್ಟಿದ ಜನವೇ ಬಲವಂತರು. ಹಾಗಾಗಿ ಇಲ್ಲಿ ಬಲವುಳ್ಳವರು ಯಾರು, ಬಲವಿಲ್ಲದವರು ಯಾರು ಎಂದು ಹಣೆಪಟ್ಟಿ ಹಚ್ಚಲು ಹೋದರೆ ಪಟ್ಟಿ ಅಂಟುವುದಿಲ್ಲ. ಪೌಲನೂ ಹೆಸರು ಹಿಡಿದು ಯಾರಿಗೂ ಹಚ್ಚಲಿಲ್ಲ. ತನ್ನನ್ನು ಬಲವುಳ್ಳವರ ಕಡೆ ಸೇರಿಸಿಕೊಂಡು, ಬಲವಿಲ್ಲದವರ ಭಾರ ಹೊರುವುದು ನಮ್ಮ ಹೊಣೆ ಎಂದ, ಅಷ್ಟೇ.

ಸಿರಿಯಾದ ಅಂತಿಯೋಕ್ಯ ಪಟ್ಟಣದ ಸಂಗತಿಯನ್ನು ಓದಿದ್ದು ನಾಲ್ಕನೇ ಭೇಟಿಯಲ್ಲಿ, ಇಬ್ಬರನ್ನೂ ಕೂರಿಸಿಕೊಂಡು. ಯೇಸುವಿನ ಶಿಷ್ಯ ಪೇತ್ರ ಅಲ್ಲಿ ಅನ್ಯಜನರೊಂದಿಗೆ ಉಣ್ಣುತ್ತಿದ್ದವನು, ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯವರು ಬಂದದ್ದೇ ತಡ, ಹಿಂದೆಗೆದು ಬೇರೆಯಾದ. ಪೌಲ ಅವನನ್ನು ಎಲ್ಲರ ಮುಂದೆ ತರಾಟೆಗೆ ತೆಗೆದುಕೊಂಡದ್ದನ್ನು ಗಲಾತ್ಯದವರ ಪತ್ರಿಕೆಯ 2ನೇ ಅಧ್ಯಾಯದಲ್ಲಿ ನೋಡಬಹುದು. ಅಲ್ಲಿ ಅಷ್ಟು ಖಾರವಾದವನು ರೋಮಿನವರಿಗೆ ಯಾಕೆ ಇಷ್ಟು ಮೆತ್ತಗೆ ಬರೆದ? ನಾವು ಓದುವ ರೀತಿ ಇದು: ರೋಮಿನಲ್ಲಿ ಪ್ರಶ್ನೆ ತಟ್ಟೆಯಲ್ಲಿ ಏನಿದೆ ಎಂಬುದು, ಅಂತಿಯೋಕ್ಯದಲ್ಲಿ ಆದದ್ದು ಪಂಕ್ತಿಭೇದ. ಈ ಶಬ್ದ ಕಿವಿಗೆ ಬಿದ್ದಾಗ ಸೊಸೆ ತಲೆ ತಗ್ಗಿಸಿದಳು. ಅವಳ ತವರೂರಿನಲ್ಲಿ ಅದರ ಅರ್ಥ ಹೇಳಿಕೊಡಬೇಕಾಗಿಲ್ಲ.

ಕನ್ನಡ ಸತ್ಯವೇದದಲ್ಲಿ ಇಲ್ಲಿ ಬರುವ ಕ್ರಿಯಾಪದ 'ಸೇರಿಸಿಕೊಳ್ಳಿರಿ'. ರೋಮಾಪುರದ ಪತ್ರಿಕೆಯ 14ನೇ ಅಧ್ಯಾಯದ ಮೊದಲ ವಚನದಲ್ಲೂ 15ನೇ ಅಧ್ಯಾಯದ 7ನೇ ವಚನದಲ್ಲೂ ಮೂಲದ ಗ್ರೀಕ್ ಪದ ಒಂದೇ. ಅಪೊಸ್ತಲರ ಕೃತ್ಯಗಳು ಪುಸ್ತಕದಲ್ಲಿ, ಪೌಲನಿದ್ದ ಹಡಗು ಒಡೆದು ಮೆಲಿತೆ (ಮಾಲ್ಟಾ) ದ್ವೀಪದ ದಡ ಸೇರಿದ 276 ಜನರನ್ನು ಅಲ್ಲಿನವರು ಮಳೆ, ಚಳಿ ಎಂದು ಬೆಂಕಿ ಹಾಕಿ ಹತ್ತಿರ ಕರೆದುಕೊಂಡ ಕಡೆಯೂ ಅದೇ ಪದ. ಅಲ್ಲಿ ಯಾರೂ ನೀನು ಏನು ತಿನ್ನುತ್ತೀ ಎಂದು ಕೇಳಿದಂತಿಲ್ಲ. ತವರು ಸೇರಿಸಲಿಲ್ಲ ಎಂದು ಅತ್ತ ಸೊಸೆಗೂ, ಅಜ್ಜಿಯನ್ನು ಮೇಲಿನ ಓಣಿ ಸೇರಿಸಲಿಲ್ಲ ಎಂದ ಅತ್ತೆಗೂ ಈ ಮಾತಿನ ಭಾರ ಒಟ್ಟಿಗೇ ಗೊತ್ತಾಯಿತು. ಆದರೆ 14ನೇ ಅಧ್ಯಾಯದ ಆ ಮೊದಲ ವಚನದ ಇನ್ನರ್ಧವನ್ನು ಸಾಮಾನ್ಯವಾಗಿ ಎಲ್ಲರೂ ನುಂಗಿಬಿಡುತ್ತಾರೆ: ಸೇರಿಸಿಕೊಳ್ಳಿ, ಆದರೆ ಅವನ ಅಭಿಪ್ರಾಯಗಳ ಮೇಲೆ ವಾದ ಹೂಡುವುದಕ್ಕಲ್ಲ. ಒಳಗೆ ಕರೆದು ಆಮೇಲೆ ತಿದ್ದುವ ಯೋಜನೆ ಇದ್ದರೆ ಅದು ಸೇರಿಸಿಕೊಂಡದ್ದಲ್ಲ, ಭರ್ತಿ ಮಾಡಿಕೊಂಡದ್ದು.

ಕೊಟ್ಟ ಸಲಹೆ ಇಷ್ಟು. ಮನೆಗೆ ಎರಡು ಹೊಸ ಸೌಟು, ಶಾಕಾಹಾರಕ್ಕೇ ಮೀಸಲಾಗಿ ಎರಡು ಪಾತ್ರೆ. ಅವನ್ನು ಸೊಸೆ ಒಬ್ಬಳೇ ತರಬಾರದು, ಅತ್ತೆ ಜೊತೆಗೆ ಹೋಗಿ ಆರಿಸಬೇಕು. ತಟ್ಟೆ, ಲೋಟಗಳು ಮಾತ್ರ ಬೇರೆ ಇರಕೂಡದು, ಎಲ್ಲವೂ ಒಂದೇ ಸ್ಟ್ಯಾಂಡಿಗೆ. ಅಡುಗೆ ಪಾತ್ರೆ ಪದಾರ್ಥಕ್ಕೆ ಸಂಬಂಧಪಟ್ಟದ್ದು, ಲೋಟ ಮನುಷ್ಯರಿಗೆ ಸಂಬಂಧಪಟ್ಟದ್ದು. ಕೈ ಹಿಂದಕ್ಕೆ ಬರುವ ಅಭ್ಯಾಸಕ್ಕೆ ದಿನಕ್ಕೊಂದು ಚಹಾ: ಅತ್ತೆ ಮಾಡುವುದು, ಮನೆಯ ಯಾವುದಾದರೂ ಲೋಟದಲ್ಲಿ ಸೊಸೆ ಕುಡಿಯುವುದು, ಮೂರು ವಾರ. ಕುಡಿಯಲು ಆಗದ ದಿನ "ಇವತ್ತು ಆಗಲಿಲ್ಲ" ಎಂದು ಬಾಯಿಬಿಟ್ಟು ಹೇಳುವುದು. ಮೌನಕ್ಕಿಂತ ಅದು ಮೇಲು.

ಅತ್ತೆಗೆ: ನಂಬಿಕೆ ಗಟ್ಟಿಯಿಲ್ಲ ಎಂಬ ಮಾತನ್ನು ಎದುರಿಗೂ ಹಿಂದೆಯೂ ಆಡಬಾರದು. ಸಭೆಯಲ್ಲಿ ಆಡಿದ್ದಕ್ಕೆ ಸಭೆಯವರ ಮುಂದೆಯೇ ಎರಡು ಮಾತಿನಲ್ಲಿ ತಪ್ಪಾಯಿತು ಎನ್ನಬೇಕು, ಕಾರಣ ವಿವರಿಸಲು ಹೋಗಬಾರದು. ವಿವರಣೆ ಉದ್ದವಾದಷ್ಟೂ ಕ್ಷಮೆ ಗಿಡ್ಡವಾಗುತ್ತದೆ. ಕೋಳಿ ಸಾರು ನಿಲ್ಲಿಸಬೇಕೇ ಎಂದು ಕೇಳಿದರು. ಬೇಡ ಎಂದೆವು. ಮಾಂಸ ತಿನ್ನದೆ ಇರುವುದೂ ಒಳ್ಳೆಯದೇ ಎಂದು ಪೌಲ ಹೇಳುವುದು ಸಹೋದರ ಎಡವುವ ಸಂದರ್ಭಕ್ಕೆ, ಅಂದರೆ ಮನಸ್ಸಾಕ್ಷಿಗೆ ವಿರುದ್ಧವಾಗಿ ತಿನ್ನಲು ಅವನು ಎಳೆಯಲ್ಪಡುವಾಗ. ಸೊಸೆಗೆ ವಾಸನೆ ಹಿಡಿಸದಿರುವುದು ಎಡವುವಿಕೆಯಲ್ಲ, ಕಿಟಕಿ ತೆರೆದರೆ ಸಾಕು. ಈ ವ್ಯತ್ಯಾಸ ಕೈತಪ್ಪಿದರೆ ಮನೆಯೆಲ್ಲಾ ತಿನ್ನದವರ ಹುಕುಮಿಗೆ ಬೀಳುತ್ತದೆ, "ನನಗೆ ನೋವಾಯಿತು" ಎಂಬುದೇ ಬೆತ್ತವಾಗುತ್ತದೆ. ಹಾಗೆ ಆಗಿಹೋದ ಮನೆಗಳಿವೆ.

ಮಗನಿಗೆ ಹೇಳಿದ್ದು ಒಂದೇ, ಇಬ್ಬರ ನಡುವೆ ಮಾತು ಸಾಗಿಸುವ ಟಪಾಲು ಕೆಲಸ ಬಿಡು. ಇಬ್ಬರಿಗೂ ಹೂಂಗುಟ್ಟಿ, ತಾನು ಮಾತ್ರ ಹೊರಗೆ ಖಾನಾವಳಿಯಲ್ಲಿ ಉಂಡು ಬರುತ್ತಿದ್ದವನು ಅವನು. ಸಭೆಯ ಅಡುಗೆ ಉಸ್ತುವಾರಿಗೂ ಸಭಾಪಾಲಕರ ಮೂಲಕ ಒಂದು ಮಾತು ಹೋಯಿತು: ಪ್ರೀತಿಭೋಜನದಲ್ಲಿ ಚಿತ್ರಾನ್ನದ ಪಾತ್ರೆ ಬೇರೆ ಮೇಜಿನ ಮೇಲೆ ಬೇಡ, ಬಿರಿಯಾನಿಯ ಪಕ್ಕದಲ್ಲೇ ಇರಲಿ, ಸೌಟು ಮಾತ್ರ ಬೇರೆ. ಬೇರೆ ಮೇಜು ಇಟ್ಟರೆ ಮುಂದಿನ ವರ್ಷಕ್ಕೆ ಅದು ಬೇರೆ ಪಂಕ್ತಿಯಾಗುತ್ತದೆ.

ಐದನೇ ಭೇಟಿಯಲ್ಲಿ ಅತ್ತೆ ಕೇಳಿದ ಪ್ರಶ್ನೆ ಇಡೀ ಪ್ರಕರಣದ ಗಂಟು. "ಎಲ್ಲಾ ಖರೆ ರೀ. ಆದ್ರ ಅಕಿ ಯಾವಾಗ ಬದಲಾಗ್ತಾಳ? ನಾನು ಎಷ್ಟು ವರ್ಷ ಕಾಯ್ಲಿ?" ಸಹನೆ ಅವರಿಗೆ ಒಂದು ವಾಯಿದೆಯಾಗಿತ್ತು. ಇಷ್ಟು ದಿನ ತಾಳಿದರೆ ಸೊಸೆ ತಮ್ಮಂತಾಗಬೇಕು. ಸೊಸೆಯ ಲೆಕ್ಕವೂ ಬೇರೆಯಲ್ಲ, ಒಂದು ದಿನ ಈ ಮನೆಯಲ್ಲಿ ಕೋಳಿ ನಿಲ್ಲುತ್ತದೆ ಎಂದು ಅವಳೂ ಕಾದಿದ್ದಳು. ನಿರೀಕ್ಷೆ ಎಂಬ ಪದ ಬಳಕೆಮಾತಿನಲ್ಲಿ ಹೀಗೇ ಮನುಷ್ಯರ ಮೇಲೆ ಕೂತುಬಿಡುತ್ತದೆ: ನಿನ್ನಿಂದ ಇದನ್ನು ನಿರೀಕ್ಷಿಸಿರಲಿಲ್ಲ, ಅಂತ. 15ನೇ ಅಧ್ಯಾಯದಲ್ಲಿ ಪೌಲ ಅದೇ ಪದವನ್ನು ಅಲ್ಲಿಂದ ಎತ್ತಿ ದೇವರ ಮೇಲೆ ಇಡುತ್ತಾನೆ. ಹಿಂದೆ ಬರೆದದ್ದರಿಂದ ಸಿಗುವ ತಾಳ್ಮೆ, ಆದರಣೆಗಳ ಮೂಲಕ ನಿರೀಕ್ಷೆ ಎಂದು 4ನೇ ವಚನದಲ್ಲಿ ಸುರು ಮಾಡಿ, 13ನೆಯದರಲ್ಲಿ ದೇವರನ್ನೇ ನಿರೀಕ್ಷೆಯ ದೇವರು ಎಂದು ಕರೆದು ಮುಗಿಸುತ್ತಾನೆ. ನಡುವೆ ಹಳೆ ಒಡಂಬಡಿಕೆಯ ನಾಲ್ಕು ಮಾತು: ಎರಡು ಕೀರ್ತನೆಗಳಿಂದ (18 ಮತ್ತು 117), ಒಂದು ಧರ್ಮೋಪದೇಶಕಾಂಡದ 32ನೇ ಅಧ್ಯಾಯದಿಂದ, ಒಂದು ಯೆಶಾಯನ 11ರಿಂದ. ಧರ್ಮೋಪದೇಶಕಾಂಡದ ಮಾತಿನಲ್ಲಿ ಅನ್ಯಜನರು ಉಲ್ಲಾಸಪಡುವುದು ದೇವರ ಜನರ ಜೊತೆಯಲ್ಲಿ. ಅವರು ಇವರಂತಾದರು, ಇವರು ಅವರಂತಾದರು ಎಂದು ನಾಲ್ಕರಲ್ಲಿ ಒಂದೂ ಹೇಳುವುದಿಲ್ಲ. 6ನೇ ವಚನದಲ್ಲಿ ಒಂದೇ ಬಾಯಿ ಇರುವುದು ದೇವರನ್ನು ಕೊಂಡಾಡುವುದಕ್ಕೆ, ಊಟಕ್ಕಲ್ಲ.

ಅತ್ತೆಗೆ ಕೊಟ್ಟ ಉತ್ತರವೂ ಅದೇ: ಸೊಸೆ ಕೊನೆಯವರೆಗೂ ಮಾಂಸ ಮುಟ್ಟದೇ ಇರಬಹುದು, ಅದನ್ನು ಈಗಲೇ ಒಪ್ಪಿಕೊಂಡು ಲೆಕ್ಕ ಹಾಕಿ. ಅವರಿಗೆ ಅದು ಅವತ್ತು ರುಚಿಸಲಿಲ್ಲ. ಆರನೇ ಭೇಟಿಗೆ ಬರುತ್ತಾರೋ ಇಲ್ಲವೋ ಎಂಬಷ್ಟು ಮುಖ ಬಿಗಿಯಾಗಿತ್ತು. ಬಂದರು.

ಮೂರು ತಿಂಗಳ ನಂತರ ವಿಚಾರಿಸಿದಾಗ: ಸಭೆಯ ಮುಂದೆ ತಪ್ಪೊಪ್ಪಿಗೆ ಆಗಿದೆ, ಎರಡು ಮಾತಿನ ಬದಲು ಹತ್ತು ಮಾತಾಗಿದೆ. ಚಹಾ ನಡೆದಿದೆ, ಮೂರು ವಾರದಲ್ಲಿ ನಾಲ್ಕು ದಿನ "ಆಗಲಿಲ್ಲ". ಕ್ರಿಸ್‌ಮಸ್ಸಿಗೆ ಮೊಟ್ಟೆಯಿಲ್ಲದ ಕೇಕಿನ ಮಾತು ಇನ್ನೂ ಇತ್ಯರ್ಥವಾಗಿಲ್ಲ. ದೋಸೆ ಹೆಂಚು ಬೇರೆ ಬೇಕೇ ಬೇಡವೇ ಎಂದು ಹೊಸ ತಕರಾರು ಎದ್ದಿದೆ, ಆದರೆ ಅದನ್ನು ಇಬ್ಬರೂ ಒಂದೇ ಫೋನಿನಲ್ಲಿ, ಒಬ್ಬರ ಮಾತು ಒಬ್ಬರು ತಡೆಯುತ್ತಾ ಹೇಳಿದರು. ತವರಿನಿಂದ ಕರೆ ಬಂದಿಲ್ಲ. ಬಂದರೆ ತಾನೂ ಜೊತೆಗೆ ಹೋಗುವೆ, ಅಲ್ಲಿ ಏನು ಬಡಿಸಿದರೂ ಉಣ್ಣುವೆ ಎಂದು ಅತ್ತೆ ಹೇಳಿದ್ದಾರೆ.